ಅಟೆನ್‌ಬರೊ ಅವರ ‘ಗಾಂಧಿ’ ಚಿತ್ರದ ಜಿನ್ನಾ, ಪಟೇಲ್, ಆಜಾದ್: ದಾಖಲೆಯಲ್ಲಿ ಇರುವುದೆಷ್ಟು, ಚಿತ್ರಕಥೆ ಸೇರಿಸಿದ್ದೆಷ್ಟು?

ಕಡತಪ್ರಿಯ

ಅಕ್ಟೋಬರ್ 2 ಮತ್ತು ಜನವರಿ 30 ಹತ್ತಿರ ಬಂದರೆ ಸಾಕು, ರಿಚರ್ಡ್ ಅಟೆನ್‌ಬರೊ ಅವರ ‘ಗಾಂಧಿ’ (1982) ಚಿತ್ರದ ತುಣುಕುಗಳು ವಾಟ್ಸಾಪಿನಲ್ಲಿ ಓಡಾಡತೊಡಗುತ್ತವೆ. ಜೊತೆಗೆ “ಇದು ನಡೆದ ಇತಿಹಾಸ” ಅನ್ನುವ ಸಾಲು ಬೇರೆ. ಚಿತ್ರದವರೇ ಹಾಗೆ ಹೇಳಿಕೊಂಡಿಲ್ಲ. ಒಬ್ಬ ಮನುಷ್ಯನ ಬದುಕು ಒಂದೇ ಕಥನದೊಳಗೆ ಹಿಡಿಸುವುದಿಲ್ಲ, ದಾಖಲೆಯ ಆಶಯಕ್ಕೆ ನಿಷ್ಠರಾಗಿರಲು ಪ್ರಯತ್ನಿಸಿದ್ದೇವೆ ಎಂಬರ್ಥದ ಬರಹ ಮೊದಲಿಗೇ ತೆರೆಯ ಮೇಲೆ ಬರುತ್ತದೆ.

ಈ ಎಳೆಯಲ್ಲಿ ಒಂದೊಂದೇ ದೃಶ್ಯ ತೆಗೆದುಕೊಳ್ಳೋಣ. ಪ್ರತಿ ದೃಶ್ಯಕ್ಕೂ ನಾಲ್ಕು ಪ್ರಶ್ನೆ: ಯಾವ ದಿನ? ಅಲ್ಲಿ ಯಾರಿದ್ದರು? ಆ ಮಾತು ಆಡಿದ್ದು ಯಾರು? ಹೇಳುವ ದಾಖಲೆ ಯಾವುದು, ಘಟನೆಯ ಎಷ್ಟು ದಿನದ ನಂತರ ಬರೆದದ್ದು? ಇಸವಿ ಹಿಂದುಮುಂದಾಗಿದ್ದರೆ ಅದು ಸಣ್ಣ ತಪ್ಪು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರ ಖಾತೆಗೆ ಬರೆದಿದ್ದರೆ ಅದು ದೊಡ್ಡದು. ಎಲ್ಲಕ್ಕಿಂತ ದೊಡ್ಡದು, ಎದುರಾಳಿಗೆ ಇದ್ದ ಕಾರಣಗಳನ್ನು ಕಿತ್ತುಹಾಕಿ ಅವನ ಹಟವನ್ನಷ್ಟೇ ಉಳಿಸುವುದು.

ದಕ್ಷಿಣ ಆಫ್ರಿಕದಿಂದ ಶುರು ಮಾಡುತ್ತೇನೆ. ಚಿತ್ರದಲ್ಲಿ 1893ರಲ್ಲಿ ಪೀಟರ್‌ಮಾರಿಟ್ಸ್‌ಬರ್ಗ್‌ನಲ್ಲಿ ರೈಲಿನಿಂದ ಹೊರದಬ್ಬುತ್ತಾರೆ, ಸ್ವಲ್ಪ ಹೊತ್ತಿಗೆಲ್ಲ ಗಾಂಧಿ ಪಾಸುಗಳನ್ನು (ಭಾರತೀಯರ ನೋಂದಣಿ ಪತ್ರಗಳನ್ನು) ಬೆಂಕಿಗೆ ಹಾಕುತ್ತಾರೆ, ಪೊಲೀಸ್ ಅಧಿಕಾರಿ ಲಾಠಿಯಲ್ಲಿ ಬಡಿಯುತ್ತಾನೆ. 1893ರಲ್ಲಿ ಸುಡಲು ಆ ಪಾಸುಗಳೇ ಇರಲಿಲ್ಲ. ರೈಲಿನ ಘಟನೆ ನಡೆದದ್ದು ನೇಟಾಲ್‌ನಲ್ಲಿ. ಏಷ್ಯನ್ನರ ನೋಂದಣಿ ಕಾಯ್ದೆ ಬಂದದ್ದು ಬೇರೆಯೇ ವಸಾಹತಾದ ಟ್ರಾನ್ಸ್‌ವಾಲ್‌ನಲ್ಲಿ, 1907ರಲ್ಲಿ. ದಹನ ಆದದ್ದು 1908ರ ಆಗಸ್ಟ್ 16ರಂದು, ಜೋಹಾನ್ಸ್‌ಬರ್ಗ್‌ನ ಹಮೀದಿಯಾ ಮಸೀದಿಯ ಅಂಗಳದಲ್ಲಿ. ಮೂರು ಕಾಲಿನ ದೊಡ್ಡ ಕಡಾಯಿಗೆ 2,000ಕ್ಕೂ ಹೆಚ್ಚು ಪ್ರಮಾಣಪತ್ರ ತುಂಬಿ, ಸೀಮೆಎಣ್ಣೆ ಸುರಿದು, ಬೆಂಕಿ ಹಚ್ಚಿದವರು ಈಸಪ್ ಮಿಯಾ. ಪೊಲೀಸರು ಯಾರನ್ನೂ ಹೊಡೆಯಲಿಲ್ಲ.

ಗಾಂಧಿಗೆ ಏಟು ಬಿದ್ದದ್ದು ಅದೇ ವರ್ಷ ಫೆಬ್ರುವರಿ 10ರಂದು. ಹೊಡೆದವನು ಮೀರ್ ಆಲಂ ಎಂಬ ಪಠಾಣ, ಅವರ ಕಕ್ಷಿದಾರರಲ್ಲೇ ಒಬ್ಬ. ಟ್ರಾನ್ಸ್‌ವಾಲ್ ಸರ್ಕಾರದ ಮಂತ್ರಿ ಸ್ಮಟ್ಸ್ ಜೊತೆ ರಾಜಿಯಾಗಿ, ಸ್ವಇಚ್ಛೆಯಿಂದ ನೋಂದಣಿ ಮಾಡಿಸಿಕೊಳ್ಳೋಣ ಎಂದು ಗಾಂಧಿ ಒಪ್ಪಿಬಂದದ್ದೇ ಅವನ ಸಿಟ್ಟಿಗೆ ಕಾರಣ. ಆಗಸ್ಟಿನ ಸಭೆಗೆ ಅದೇ ಮೀರ್ ಆಲಂ ಬಂದು, ಹೊಡೆದದ್ದು ತಪ್ಪಾಯಿತು ಎಂದು ಹೇಳಿ, ತನ್ನ ಪತ್ರವನ್ನೂ ಬೆಂಕಿಗೆ ಕೊಟ್ಟ. ಚಿತ್ರ ಇವೆರಡನ್ನೂ ಬೆರೆಸಿ ಏಟನ್ನು ಸರ್ಕಾರದ ಕೈಗೆ ಕೊಟ್ಟಿತು. ಇದರಿಂದ ಕಳೆದುಹೋದದ್ದು ಬರೀ ತಾರೀಖಲ್ಲ. ರಾಜಿಗೆ ಕೂತ ನಾಯಕನಿಗೆ ಸ್ವಂತ ಜನರಿಂದಲೇ ಬೀಳುವ ಏಟು ಗಾಂಧಿಯ ರಾಜಕಾರಣದಲ್ಲಿ ಕೊನೆಯ ದಿನದವರೆಗೂ ಇತ್ತು. ಅದರ ಮೊದಲ ದೃಶ್ಯ ಇದೇ ಆಗಬೇಕಿತ್ತು.

ತೆರೆಮರೆ

ಕಡತಪ್ರಿಯರೇ, ಲೆಕ್ಕವೆಲ್ಲ ಒಪ್ಪಿದೆ. ಆದರೆ ಚಿತ್ರಕಥೆ ಬರೆಯುವವನ ಕಡೆಯಿಂದಲೂ ನೋಡಿ. ಚಿತ್ರ 191 ನಿಮಿಷ, ಹಿಡಿಯಬೇಕಾದ ಅವಧಿ 1893ರಿಂದ 1948, ಅಂದರೆ 55 ವರ್ಷ. ವರ್ಷಕ್ಕೆ ಮೂರೂವರೆ ನಿಮಿಷವೂ ಸಿಗುವುದಿಲ್ಲ. ಮೀರ್ ಆಲಂನನ್ನು ತರಬೇಕಾದರೆ 1906ರ ಎಂಪೈರ್ ಥಿಯೇಟರ್ ಸಭೆ, 1908ರ ಜನವರಿಯ ರಾಜಿ, ಸ್ಮಟ್ಸ್ ಮಾತಿಗೆ ತಪ್ಪಿದರೆಂಬ ಆರೋಪ, ಮರುನೋಂದಣಿ ಎಲ್ಲವನ್ನೂ ವಿವರಿಸಬೇಕು. ಪ್ರೇಕ್ಷಕನಿಗೆ ಕಾನೂನು ಪಾಠ ಮಾಡಿದಂತಾಗುತ್ತದೆ.

ನಂಬಲು ಕಷ್ಟವಾದರೂ ನಿಜಕ್ಕೆ ಹತ್ತಿರವಿರುವ ದೃಶ್ಯಗಳೂ ಇವೆ. ಸ್ಮಟ್ಸ್ ಕಚೇರಿಯಲ್ಲಿ ಬಿಡುಗಡೆಯಾದ ಗಾಂಧಿ ಗಾಡಿಗೆ ಕಾಸಿಲ್ಲವೆಂದು ಕೇಳುವ ದೃಶ್ಯವನ್ನು ನಗಿಸಲು ಹೆಣೆದದ್ದು ಎಂದುಕೊಂಡವರೇ ಹೆಚ್ಚು. ‘ದಕ್ಷಿಣ ಆಫ್ರಿಕದ ಸತ್ಯಾಗ್ರಹ’ದಲ್ಲಿ ಗಾಂಧಿಯೇ ಬರೆದಿದ್ದಾರೆ: ಪ್ರಿಟೋರಿಯದಲ್ಲಿ ಸ್ಮಟ್ಸ್ ಬಿಟ್ಟು ಕಳಿಸಿದಾಗ ಜೇಬಿನಲ್ಲಿ ಒಂದು ಕಾಸೂ ಇರಲಿಲ್ಲ, ಜೋಹಾನ್ಸ್‌ಬರ್ಗಿನ ರೈಲು ಚಾರ್ಜನ್ನು ಕೊಟ್ಟವರು ಸ್ಮಟ್ಸ್ ಅವರ ಕಾರ್ಯದರ್ಶಿ. ಗಾಡಿಯ ಜಾಗದಲ್ಲಿ ರೈಲು, ಅಷ್ಟೇ ವ್ಯತ್ಯಾಸ.

ಕಡತಪ್ರಿಯ

ಸರಿ. ಆದರೆ ಆ ಪುಸ್ತಕವನ್ನು ಗಾಂಧಿ ಬರೆಯಲು ಕೂತದ್ದು 1923ರ ಕೊನೆಯಲ್ಲಿ, ಯರವಡಾ ಜೈಲಿನಲ್ಲಿ, ನೆನಪಿನಿಂದ. ಘಟನೆಗೂ ಬರಹಕ್ಕೂ ನಡುವೆ 15 ವರ್ಷ. ಹಾಗೆಂದು ತಳ್ಳಿಹಾಕುವಂತಿಲ್ಲ, ಎಷ್ಟು ತೂಕ ಕೊಡಬೇಕೋ ಅಷ್ಟು ಕೊಡಬೇಕು. ಅದೇ ವಾರದ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯಲ್ಲಿ ಸಿಗುವ ಸುದ್ದಿಗೆ ಅದಕ್ಕಿಂತ ಹೆಚ್ಚಿನ ತೂಕ.

ಕರಿಕೋಟು

ನಾನು ಜಿನ್ನಾ ವಿಷಯಕ್ಕೆ ಬರುತ್ತೇನೆ. ಈ ಚಿತ್ರ ಅತಿ ಹೆಚ್ಚು ಎಡವಿರುವುದು ಅಲ್ಲೇ.

1915ರ ಸ್ವಾಗತ ಕೂಟದಿಂದ ಹಿಡಿಯೋಣ. ಗಾಂಧಿ ಮುಂಬಯಿಯಲ್ಲಿ ಇಳಿದದ್ದು ಜನವರಿ 9. ಅದೇ ವಾರ ಗುರ್ಜರ ಸಭೆಯವರು ಕೊಟ್ಟ ಕೂಟದಲ್ಲಿ ಜಿನ್ನಾ ಇದ್ದದ್ದು ನಿಜ. ಅವರು ಇಂಗ್ಲಿಷಿನಲ್ಲಿ ಸ್ವಾಗತಿಸಿದರು, ಗಾಂಧಿ ಗುಜರಾತಿಯಲ್ಲಿ ಉತ್ತರ ಕೊಟ್ಟರು. ಅಲ್ಲಿಗೆ ಚಿತ್ರ ಸರಿ. ಆದರೆ ಅದೇ ಕೂಟಕ್ಕೆ ಪಟೇಲ್ ಮತ್ತು ನೆಹರೂ ಅವರನ್ನೂ ಕರೆತಂದಿದೆ. ನೆಹರೂ ಗಾಂಧಿಯನ್ನು ಮೊದಲು ಕಂಡದ್ದು 1916ರ ಡಿಸೆಂಬರಿನ ಲಖನೌ ಕಾಂಗ್ರೆಸ್ಸಿನಲ್ಲಿ. ಪಟೇಲರು 1915ರಲ್ಲಿ ಅಹಮದಾಬಾದಿನ ಬ್ಯಾರಿಸ್ಟರು, ಗುಜರಾತ್ ಕ್ಲಬ್ಬಿನಲ್ಲಿ ಇಸ್ಪೀಟು ಆಡುತ್ತಾ ಗಾಂಧಿಯ ಮಾತುಗಳನ್ನು ಲೇವಡಿ ಮಾಡುತ್ತಿದ್ದವರು. ಅವರು ಪೂರ್ತಿಯಾಗಿ ಗಾಂಧಿಯ ಕಡೆ ಬಂದದ್ದು 1918ರ ಖೇಡಾ ಸತ್ಯಾಗ್ರಹದ ಹೊತ್ತಿಗೆ. ಪಾತ್ರಗಳನ್ನು ಒಟ್ಟಿಗೇ ಪರಿಚಯಿಸಿಬಿಡುವುದು ಚಿತ್ರಕಥೆಯ ಅನುಕೂಲ, ಅದು ನನಗೆ ಅರ್ಥವಾಗುತ್ತದೆ.

ವಿಚಾರಣೆ ಇಲ್ಲದೆ ಬಂಧನದಲ್ಲಿಡಲು ಅವಕಾಶ ಕೊಟ್ಟ ರೌಲಟ್ ಕಾಯ್ದೆ ಕುರಿತು ಜಿನ್ನಾ ಮನೆಯಲ್ಲಿ ನಡೆಯುವ ಸಭೆಯ ವಿಷಯ ಬೇರೆ. ಗಾಂಧಿ ಆಳಿನ ಕೈಯಿಂದ ತಟ್ಟೆ ತೆಗೆದುಕೊಂಡು ತಾವೇ ಚಹಾ ಕೊಡುವ ದೃಶ್ಯ ಅದು. ಎಲ್ಲರೂ ಕೂತಿರುವಾಗ ಗಾಂಧಿ ಪ್ರಾರ್ಥನೆ, ಉಪವಾಸದ ದಿನವೊಂದನ್ನು ಸೂಚಿಸುತ್ತಾರೆ, ಜಿನ್ನಾಗೆ ಕಸಿವಿಸಿಯಾಗುತ್ತದೆ. ಹರತಾಳದ ಆಲೋಚನೆ ಗಾಂಧಿಗೆ ಹೊಳೆದದ್ದು 1919ರ ಮಾರ್ಚಿನಲ್ಲಿ ಮದರಾಸಿನಲ್ಲಿ, ರಾಜಾಜಿಯವರ ಅತಿಥಿಯಾಗಿದ್ದಾಗ. ಬೆಳಗಿನ ಜಾವ ಕನಸಿನಂತೆ ಬಂತೆಂದು ಮೊದಲು ಹೇಳಿದ್ದೂ ರಾಜಾಜಿಯವರಿಗೇ. ಮೊದಲು ಗೊತ್ತುಮಾಡಿದ ದಿನ ಮಾರ್ಚ್ 30. ಆಮೇಲೆ ಏಪ್ರಿಲ್ 6ಕ್ಕೆ ಬದಲಾಯಿಸಿದರು. ಬದಲಾದ ಸುದ್ದಿ ತಡವಾಗಿ ಮುಟ್ಟಿದ ದಿಲ್ಲಿಯಲ್ಲಿ 30ಕ್ಕೇ ಹರತಾಳ ನಡೆದು ಗೋಲಿಬಾರ್ ಆಯಿತು. ಚಿತ್ರದ ಆ ಕೋಣೆಯಲ್ಲಿ ಆಜಾದ್ ಕೂತಿದ್ದಾರೆ. ನಿಜದಲ್ಲಿ ಅವರು 1919 ಇಡೀ ರಾಂಚಿಯಲ್ಲಿ ನಜರಬಂದಿಯಾಗಿದ್ದರು, ಗಾಂಧಿಯನ್ನು ಕಂಡದ್ದು 1920ರ ಜನವರಿಯಲ್ಲಿ.

ನನಗೆ ಹೆಚ್ಚು ನೋವಾಗುವುದು ಇಲ್ಲಿ: ಅದೇ ರೌಲಟ್ ಕಾಯ್ದೆಯನ್ನು ಪ್ರತಿಭಟಿಸಿ ಜಿನ್ನಾ 1919ರ ಮಾರ್ಚ್ 28ರಂದು ಇಂಪೀರಿಯಲ್ ಶಾಸನ ಪರಿಷತ್ತಿಗೆ ರಾಜೀನಾಮೆ ಬಿಸಾಕಿದರು. ಚಿತ್ರದ ಪ್ರೇಕ್ಷಕನಿಗೆ ಕಾಣುವುದು ಆಳಿಗೆ ಚಹಾ ಹೇಳುವ ಸೂಟಿನ ಶ್ರೀಮಂತ. ರಾಜೀನಾಮೆ ಕೊಟ್ಟ ಸದಸ್ಯ ಅವನಿಗೆ ಕಾಣುವುದೇ ಇಲ್ಲ.

ಚರಿತ್ರೆ ಟೀಚರ್

ಕರಿಕೋಟು ಸರ್, 1916ನ್ನೂ ಸೇರಿಸಿ. ಲಖನೌ ಒಪ್ಪಂದದಲ್ಲಿ ಕಾಂಗ್ರೆಸ್ಸಿನ ಕಡೆ ತಿಲಕರು, ಲೀಗಿನ ಕಡೆ ಜಿನ್ನಾ. ಹಿಂದೂ–ಮುಸ್ಲಿಂ ಏಕತೆಯ ರಾಯಭಾರಿ ಎಂದು ಜಿನ್ನಾ ಹೆಸರಾಗಿದ್ದ ಕಾಲ ಅದು. 1920ರ ಡಿಸೆಂಬರಿನ ನಾಗಪುರ ಅಧಿವೇಶನದಲ್ಲಿ ಅಸಹಕಾರವನ್ನು ವಿರೋಧಿಸಿ ಮಾತಾಡಿ, ಸಭಿಕರ ಗದ್ದಲಕ್ಕೆ ತುತ್ತಾಗಿ, ಕಾಂಗ್ರೆಸ್ ಬಿಟ್ಟರು. ನಾಗಪುರವನ್ನು ಒಂದು ನಿಮಿಷ ತೋರಿಸಿದ್ದರೂ ಮುಂದಿನ ಜಿನ್ನಾ ಯಾಕೆ ಹಾಗಾದರು ಎಂಬುದಕ್ಕೆ ಒಂದು ಎಳೆ ಸಿಗುತ್ತಿತ್ತು. ತರಗತಿಯಲ್ಲಿ ಚಿತ್ರ ತೋರಿಸುವವರು ಚಹಾದ ದೃಶ್ಯಕ್ಕೆ ನಿಲ್ಲಿಸಿ ಇದನ್ನು ಹೇಳಿ, ಮುಂದೆ ಸಾಗುವುದು ಒಳ್ಳೆಯದು.

ಕರಿಕೋಟು

ಖಂಡಿತ. ಇನ್ನು 1947. ಗಾಂಧಿ ಎದುರಿಗೇ ಕೂತು ಜಿನ್ನಾಗೆ ಪ್ರಧಾನಿ ಪಟ್ಟ ಕೊಡಲು ಮುಂದಾಗುತ್ತಾರೆ, ನೆಹರೂ ಪಕ್ಕದಲ್ಲೇ ಇದ್ದಾರೆ, ಜಿನ್ನಾ ಒಪ್ಪುವುದಿಲ್ಲ. ಪ್ರಸ್ತಾಪ ನಿಜ, ಜಾಗ ಸುಳ್ಳು. ಗಾಂಧಿ ಅದನ್ನು ಇಟ್ಟದ್ದು ಏಪ್ರಿಲ್ 1ರಂದು ಮೌಂಟ್‌ಬ್ಯಾಟನ್ ಮುಂದೆ. ಬೇಡವೆಂದದ್ದು ಕಾಂಗ್ರೆಸ್ ಕಾರ್ಯಕಾರಿ ಸಮಿತಿಯವರು. ನಮ್ಮವರನ್ನು ಒಪ್ಪಿಸಲು ಆಗಲಿಲ್ಲ ಎಂದು ಗಾಂಧಿ ಏಪ್ರಿಲ್ 11ರಂದು ಮೌಂಟ್‌ಬ್ಯಾಟನ್‌ಗೆ ಕಾಗದ ಬರೆದು ಕೈಬಿಟ್ಟರು. ಗಾಂಧಿ ಮತ್ತು ಜಿನ್ನಾ ದಿಲ್ಲಿಯಲ್ಲಿ ಮುಖಾಮುಖಿಯಾದದ್ದು ಮೇ 6ರಂದು, ಅದು ವಿಭಜನೆಯ ತತ್ತ್ವದ ಕುರಿತ ಮಾತುಕತೆ.

ಪರಿಣಾಮ ನೋಡಿ. ದಾಖಲೆಯ ಪ್ರಕಾರ ಪ್ರಸ್ತಾಪಕ್ಕೆ ತಡೆ ಒಡ್ಡಿದ್ದು ಕಾಂಗ್ರೆಸ್ಸಿನೊಳಗೆ. ಚಿತ್ರದ ಪ್ರಕಾರ ಎಲ್ಲರೂ ನೋಡುತ್ತಿರುವಾಗ ಜಿನ್ನಾ ಒದ್ದುಬಿಟ್ಟರು. ಜಿನ್ನಾ ಹೇಗೂ ಒಪ್ಪುತ್ತಿರಲಿಲ್ಲ ಎಂದು ವಾದಿಸಬಹುದು, ಆ ವಾದಕ್ಕೆ ಬಲವೂ ಇದೆ. ಆದರೆ ಒಪ್ಪುತ್ತಿರಲಿಲ್ಲ ಎಂಬ ಊಹೆಯನ್ನು ‘ಒಪ್ಪಲಿಲ್ಲ’ ಎಂದು ಚಿತ್ರಿಸುವುದು ಬೇರೆಯೇ ಕೆಲಸ.

1946ರ ಕ್ಯಾಬಿನೆಟ್ ಮಿಷನ್ ಚಿತ್ರದಲ್ಲಿ ಇಲ್ಲದಿರುವುದೂ ಇದಕ್ಕೆ ಸೇರಿಕೊಂಡಿದೆ. ಅಖಂಡ ಭಾರತದೊಳಗೆ ಪ್ರಾಂತಗಳ ಗುಂಪು ಮಾಡುವ ಆ ಯೋಜನೆಯನ್ನು ಮುಸ್ಲಿಂ ಲೀಗ್ ಜೂನ್ 6ರಂದು ಒಪ್ಪಿತ್ತು. ಜುಲೈ 10ರ ಪತ್ರಿಕಾಗೋಷ್ಠಿಯಲ್ಲಿ ನೆಹರೂ, ಸಂವಿಧಾನ ಸಭೆಗೆ ಹೋಗುತ್ತೇವೆ ಎಂಬುದಷ್ಟೇ ನಮ್ಮ ಒಪ್ಪಿಗೆ ಎಂಬ ಧಾಟಿಯಲ್ಲಿ ಮಾತಾಡಿದರು. ಜುಲೈ 29ಕ್ಕೆ ಲೀಗ್ ಒಪ್ಪಿಗೆ ಹಿಂತೆಗೆದುಕೊಂಡು ನೇರ ಕಾರ್ಯಾಚರಣೆಗೆ ಕರೆಕೊಟ್ಟಿತು. ಈ ಮೂರು ತಾರೀಖು ಗೊತ್ತಿದ್ದವರಿಗೆ ಕಾಣುವ ಜಿನ್ನಾ ಬೇರೆ, ಚಿತ್ರವನ್ನಷ್ಟೇ ನೋಡಿದವರಿಗೆ ಕಾಣುವ ಜಿನ್ನಾ ಬೇರೆ. ಆಗಸ್ಟ್ 16ರ ಕಲ್ಕತ್ತದ ರಕ್ತಪಾತದ ಹೊಣೆಯಿಂದ ಯಾರನ್ನೂ ಪಾರುಮಾಡಲು ಇದನ್ನು ಹೇಳುತ್ತಿಲ್ಲ.

ಹಾವೇರಿ ಕಡೆಯವ

1930ರ ಉಪ್ಪಿನ ಸತ್ಯಾಗ್ರಹದಾಗ ಲಾಠಿ ಏಟು ಬಿದ್ದ ಧರಾಸಣಾದ ಬಗ್ಗೆ ಯಾರೂ ಬಾಯಿ ಬಿಡವಲ್ರಿ. ಅಲ್ಲಿ ಒಬ್ಬರ ಹೆಸರನ್ನ ಪೂರಾ ಅಳಿಸಿ ಹಾಕ್ಯಾರ.

ಚಿತ್ರದಾಗ “ನಿನ್ನೆ ರಾತ್ರಿ ಗಾಂಧೀಜಿಯವರನ್ನ ಹಿಡಕೊಂಡು ಹೋದ್ರು” ಅಂತ ಮಾತಾಡಿ ಸತ್ಯಾಗ್ರಹಿಗಳನ್ನ ಉಪ್ಪಿನ ಡಿಪೋಕ್ಕ ಕಳಸೋರು ಮೌಲಾನಾ ಆಜಾದರು. ಗಾಂಧೀಜಿ ಕರಾಡಿಯೊಳಗ ಬಂಧನ ಆಗಿದ್ದು 1930ರ ಮೇ 4–5ರ ನಡುರಾತ್ರಿ. ಧರಾಸಣಾದ ಆ ದೊಡ್ಡ ದಾಳಿ ಮೇ 21ಕ್ಕ. ನಡುವ ಹದಿನಾರು ದಿನ ಅದಾವು. ಗಾಂಧೀಜಿ ನಂತರ ಮುಂದಾಳು ಅಬ್ಬಾಸ್ ತಯ್ಯಬ್‌ಜಿ, ಅವರನ್ನೂ ಮೇ 12ಕ್ಕ ಹಿಡದ್ರು. ಆಮ್ಯಾಲ ಬಂದವರು ಸರೋಜಿನಿ ನಾಯ್ಡು. 21ನೇ ತಾರೀಖು ಆ ಜನರ ಮುಂದ ನಿಂತು, ಹೊಡದ್ರೂ ಕೈ ಎತ್ತಬ್ಯಾಡ್ರಿ ಅಂತ ಹೇಳಿದಾಕಿ ಆ ತಾಯಿ. ಜೋಡಿಗೆ ಇಮಾಮ್ ಸಾಹೇಬ ಬಾವಜೀರ್, ಮಣಿಲಾಲ ಗಾಂಧಿ, ಪ್ಯಾರೇಲಾಲ್ ಇದ್ರು.

ಉಳಿದದ್ದು ಮಾತ್ರ ನಿಚ್ಚಳ ಐತ್ರಿ. ಸಾಲಾಗಿ ಹೋಗೋದು, ತಲೀ ಒಡಿಸಿಕೊಳ್ಳೋದು, ಬಿದ್ದವರನ್ನ ಎತ್ತಿಕೊಂಡು ಹೋಗೋದು. ಯುನೈಟೆಡ್ ಪ್ರೆಸ್‌ನ ವೆಬ್ ಮಿಲ್ಲರ್ ಕಣ್ಣಾರೆ ಕಂಡು ಬರದ ವರದಿಯೇ ಇದಕ್ಕ ಬುನಾದಿ. ಸುಮಾರು 2,500 ಸತ್ಯಾಗ್ರಹಿಗಳು, ಎದುರಿಗೆ 400 ಮಂದಿ ಸೂರತ್ ಪೊಲೀಸರು, ಕೈಯಾಗ ಉಕ್ಕಿನ ಕಟ್ಟು ಹಾಕಿದ ಲಾಠಿ. ತಾತ್ಕಾಲಿಕ ಆಸ್ಪತ್ರೆಯೊಳಗ 320 ಮಂದಿ ಗಾಯಾಳುಗಳನ್ನ ಎಣಿಸಿದೆ, ಇಬ್ಬರು ತೀರಿಕೊಂಡಾರ ಅಂತ ಅವರು ಬರದಾರ. ಚಿತ್ರದ ಪತ್ರಕರ್ತ ವಾಕರ್ ಫೋನಿನಾಗ ಸುದ್ದಿ ಓದತಾನ. ಮಿಲ್ಲರ್ ಕಳಿಸಿದ್ದು ತಂತಿ, ಅದನ್ನ ತಡಿಲಿಕ್ಕೆ ಸರ್ಕಾರದವರು ನೋಡಿದ್ರು. ವಾಕರ್ ಅನ್ನೋ ಹೆಸರು ಕಲ್ಪಿತ, ಅಡ್ಡಿಯಿಲ್ಲ. ಆದರ ಸರೋಜಿನಿ ನಾಯ್ಡು ಕಲ್ಪಿತರಲ್ಲಲ್ರಿ.

ತೆರೆಮರೆ

ಇದನ್ನು ಸಮರ್ಥಿಸುವ ಮಾತು ನನ್ನಲ್ಲಿಲ್ಲ. ಮುಂದಾಳು ಒಬ್ಬ ಮಹಿಳೆ ಆಗಿದ್ದಿದ್ದರೆ ದೃಶ್ಯದ ಉದ್ದ ಒಂದು ಸೆಕೆಂಡೂ ಹೆಚ್ಚುತ್ತಿರಲಿಲ್ಲ. ಸಮಯದ ಕೊರತೆ ಅನ್ನುವ ನೆಪ ಇಲ್ಲಿ ನಿಲ್ಲುವುದಿಲ್ಲ. ಆಜಾದ್ ಪಾತ್ರಕ್ಕೆ ಕೆಲಸ ಬೇಕಿತ್ತು, ಕೊಟ್ಟರು. ಜಿನ್ನಾ ಮನೆಯ ಕೋಣೆಗೂ ಧರಾಸಣಾದ ಮೈದಾನಕ್ಕೂ ಒಬ್ಬ ನಟನನ್ನೇ ಓಡಾಡಿಸಿದರೆ ಪ್ರೇಕ್ಷಕನಿಗೆ ಮುಖ ನೆನಪಿರುತ್ತದೆ ಎಂಬ ಲೆಕ್ಕಾಚಾರ ನಿರ್ಮಾಣದಲ್ಲಿ ಮಾಮೂಲು. ಐತಿಹಾಸಿಕ ಚಿತ್ರಗಳಲ್ಲಿ ಒಬ್ಬರ ಕೆಲಸ ಇನ್ನೊಬ್ಬರ ಪಾಲಾಗುವುದು ಬಹುತೇಕ ಹೀಗೆಯೇ.

ಇನ್ನು ಇದಕ್ಕೆ ತದ್ವಿರುದ್ಧವಾಗಿ ಚಿತ್ರ ದಾಖಲೆಗೆ ಅಂಟಿಕೊಂಡಿರುವ ಜಾಗ ಯಾವುದು ಅಂದರೆ ಕೋರ್ಟು ಮತ್ತು ವಿಚಾರಣೆ.

ಕರಿಕೋಟು

ಹೌದು, ಅಲ್ಲಿ ಲಿಖಿತ ನಡವಳಿ ಕೈಯಲ್ಲಿರುವುದರಿಂದ ಸಂಭಾಷಣೆ ಹೊಸೆಯುವ ಅಗತ್ಯವೇ ಬೀಳಲಿಲ್ಲ. 1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ನ್ಯಾಯಾಧೀಶ ಬ್ರೂಮ್‌ಫೀಲ್ಡ್ ಆರು ವರ್ಷ ಶಿಕ್ಷೆ ಕೊಟ್ಟು, ಮುಂದೆ ಸರ್ಕಾರ ಇದನ್ನು ಕಡಿಮೆ ಮಾಡಿದರೆ ನನಗಿಂತ ಸಂತೋಷಪಡುವವರು ಬೇರೆ ಇರಲಾರರು ಎಂದದ್ದು ಕಡತದಲ್ಲಿದೆ, ಚಿತ್ರದಲ್ಲೂ ಇದೆ. ಆದರೆ ಆರು ವರ್ಷಕ್ಕೆ ಅವರು ಆಧಾರ ಮಾಡಿಕೊಂಡದ್ದು ತಿಲಕರ ಮೊಕದ್ದಮೆಯನ್ನು. ಜೊತೆಗೆ ಎರಡನೇ ಆರೋಪಿ ಶಂಕರಲಾಲ್ ಬ್ಯಾಂಕರ್ ಅವರಿಗೂ ಅದೇ ದಿನ ಒಂದು ವರ್ಷ ಸಜೆ ಮತ್ತು 1,000 ರೂಪಾಯಿ ದಂಡ ಬಿತ್ತು. ತೆರೆಯ ಮೇಲೆ ಗಾಂಧಿ ಒಂಟಿಯಾಗಿ ಕಾಣುವುದರಿಂದ ದೃಶ್ಯಕ್ಕೆ ಗಾಂಭೀರ್ಯ ಬಂತು, ಬ್ಯಾಂಕರ್ ಹೋದರು.

ಜಲಿಯನ್‌ವಾಲಾ ಬಾಗ್‌ನದೂ ಹೀಗೆಯೇ. ಡೈಯರ್ ಕರೆತಂದದ್ದು ರೈಫಲ್ ಹಿಡಿದ 50 ಸೈನಿಕರು, ಕುಕ್ರಿ ಹಿಡಿದ 40 ಗೂರ್ಖಾಗಳು, ಎರಡು ಶಸ್ತ್ರಸಜ್ಜಿತ ವಾಹನ. ಓಣಿ ಕಿರಿದಾದ್ದರಿಂದ ವಾಹನ ಹೊರಗೇ ನಿಂತವು. ಹಾರಿಸಿದ ಗುಂಡು 1,650, ಸರ್ಕಾರ ಒಪ್ಪಿದ ಸಾವು 379. ದಾರಿ ಅಗಲವಿದ್ದಿದ್ದರೆ ಮಷೀನ್‌ಗನ್ ಬಳಸುತ್ತಿದ್ದಿರಾ ಎಂಬ ಪ್ರಶ್ನೆಗೆ ಡೈಯರ್ “ಬಹುಶಃ ಹೌದು” ಎಂದದ್ದು ಹತ್ಯಾಕಾಂಡದ ವಿಚಾರಣೆ ನಡೆಸಿದ ಹಂಟರ್ ಸಮಿತಿಯ ನಡವಳಿಯಲ್ಲಿದೆ. ಆ ಪ್ರಶ್ನೆ ಎಸೆದವರು ಸರ್ ಚಿಮನ್‌ಲಾಲ್ ಸೆಟಲ್‌ವಾಡ್. ಗಾಯಾಳುಗಳ ಬಗ್ಗೆ ಕೇಳಿದಾಗ, ಆಸ್ಪತ್ರೆ ತೆರೆದಿದ್ದವು, ಹೋಗಬಹುದಿತ್ತು ಎಂಬರ್ಥದ ಉತ್ತರವೂ ಅಲ್ಲಿಯದೇ. ಗುಂಡು ತಿಂದ ಮಗು ನೆರವು ಕೇಳುವುದು ಹೇಗೆ ಎಂಬ ಪ್ರಶ್ನೆ ಮಾತ್ರ ಚಿತ್ರದವರದು. ಅದನ್ನು ಡೈಯರ್ ವಿಚಾರಣೆಯ ಉಲ್ಲೇಖವೆಂದು ಹಂಚಬೇಡಿ.

ಚರಿತ್ರೆ ಟೀಚರ್

ಚಿತ್ರದಲ್ಲಿ ಇಲ್ಲದವರ ಬಗ್ಗೆಯೂ ಮಾತಾಡಲೇಬೇಕು. ಡಾ. ಅಂಬೇಡ್ಕರ್ ಒಂದು ಚೌಕಟ್ಟಿನಲ್ಲೂ ಇಲ್ಲ. 1931ರ ದುಂಡುಮೇಜಿನ ಪರಿಷತ್ತಿಗೆ ಗಾಂಧಿ ಲಂಡನ್ನಿಗೆ ಹೋದದ್ದನ್ನು ತೋರಿಸುತ್ತಾರೆ, ಅಸ್ಪೃಶ್ಯರ ಪ್ರತಿನಿಧಿ ಯಾರೆಂಬ ವಿಷಯದಲ್ಲಿ ಅದೇ ಮೇಜಿನಲ್ಲಿ ಗಾಂಧಿಗೆ ಎದುರಾಗಿ ಕೂತ ಅಂಬೇಡ್ಕರ್ ಕಾಣುವುದಿಲ್ಲ. ಅಲ್ಲಿಂದ ಕಥೆ ಎರಡನೇ ಮಹಾಯುದ್ಧದ ಕಾಲಕ್ಕೆ ಹಾರುತ್ತದೆ. ಮಧ್ಯೆ 1932ರ ಸೆಪ್ಟೆಂಬರ್ 20ರಂದು ಯರವಡಾದಲ್ಲಿ ಶುರುವಾದ ಆಮರಣ ಉಪವಾಸ, 24ರ ಪುಣೆ ಒಪ್ಪಂದ ಎರಡೂ ಹೋದವು. ಪ್ರತ್ಯೇಕ ಮತಕ್ಷೇತ್ರ ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಪ್ರಾಂತೀಯ ಶಾಸನ ಸಭೆಗಳಲ್ಲಿ ಮೀಸಲು ಸ್ಥಾನ 71ರಿಂದ 148ಕ್ಕೆ ಏರಿತು. ಇವತ್ತಿನ ಮೀಸಲು ಕ್ಷೇತ್ರಗಳ ಬೇರು ಅಲ್ಲಿದೆ. ಗಾಂಧಿಯ ಉಪವಾಸ ಯಾರ ಮೇಲೆ ಯಾವ ಒತ್ತಡ ಹೇರಿತು ಎಂಬ ಕಠಿಣ ಪ್ರಶ್ನೆ ಕೇಳಬೇಕಾದ ಜಾಗವೂ ಅದೇ. ಸುಭಾಷರೂ ಇಲ್ಲ, ಆದ್ದರಿಂದ ಕಾಂಗ್ರೆಸ್ ಅಧ್ಯಕ್ಷತೆಯ ವಿಷಯದಲ್ಲಿ ಅವರಿಗೂ ಗಾಂಧಿ ಕಡೆಯವರಿಗೂ ಎದ್ದ 1939ರ ತ್ರಿಪುರಿಯ ಬಿಕ್ಕಟ್ಟೂ ಇಲ್ಲ.

ಕೊನೆಯಲ್ಲಿ ಕಲ್ಕತ್ತದ ಉಪವಾಸ (1947 ಸೆಪ್ಟೆಂಬರ್ 1ರಿಂದ 4) ಬರುತ್ತದೆ. ಮಗುವನ್ನು ಕೊಂದೆನೆಂದು ಬಂದು ಅಳುವ ನಹಾರಿ ಕಲ್ಪಿತ ಪಾತ್ರ. 1948ರ ಜನವರಿ 13ರಿಂದ 18ರವರೆಗಿನ ದಿಲ್ಲಿ ಉಪವಾಸ ಇಲ್ಲ, ಪಾಕಿಸ್ತಾನಕ್ಕೆ ಸಲ್ಲಬೇಕಿದ್ದ 55 ಕೋಟಿ ರೂಪಾಯಿಯ ವಿವಾದವೂ ಇಲ್ಲ. ಹೀಗಾಗಿ ಗುಂಡು ಹಾರಿಸಿದವನು ಗುಂಪಿನಲ್ಲಿ ಒಂದು ಮುಖವಾಗಿ ಬಂದುಹೋಗುತ್ತಾನೆ. ಯಾವ ರಾಜಕೀಯ ಅವನನ್ನು ಅಲ್ಲಿಗೆ ತಂದಿತು ಎಂಬುದು ಮಕ್ಕಳಿಗೆ ಅರ್ಥವೇ ಆಗುವುದಿಲ್ಲ.

ತೆರೆಮರೆ

ಬಿಟ್ಟದ್ದೆಲ್ಲವನ್ನೂ ತಪ್ಪೆನ್ನಲಾಗದು, ಟೀಚರ್. ಆದರೆ ಅಂಬೇಡ್ಕರ್ ವಿಷಯದಲ್ಲಿ ನಿಮ್ಮ ಮಾತೇ ಸರಿ. ಅಸ್ಪೃಶ್ಯತೆಯ ಕುರಿತು ಗಾಂಧಿಯ ಬಾಯಲ್ಲಿ ಮಾತು ಆಡಿಸಿ, ಆ ಜನರ ನಾಯಕನನ್ನೇ ಹೊರಗಿಟ್ಟಾಗ ಅದು ಬರೀ ಸಮಯ ಉಳಿತಾಯ ಆಗುವುದಿಲ್ಲ.

ಕಡತಪ್ರಿಯ

ತಾವೇ ತಾಳೆ ನೋಡುವವರಿಗೆ ಕೆಲಸದ ಮಾತು. ಮೊದಲು ದೃಶ್ಯದ ನಿಮಿಷ, ಸೆಕೆಂಡು ಗುರುತು ಹಾಕಿಕೊಂಡು ಸಂಭಾಷಣೆಯನ್ನು ಇಂಗ್ಲಿಷಿನಲ್ಲೇ ಬರೆದುಕೊಳ್ಳಿ. ಕನ್ನಡಕ್ಕೆ ತಿರುಗಿಸಿ ಹುಡುಕಿದರೆ ಮೂಲ ವಾಕ್ಯ ಸಿಗುವುದಿಲ್ಲ. ಆಮೇಲೆ ಗಾಂಧಿಯ ಸಮಗ್ರ ಬರಹಗಳಲ್ಲಿ ಆ ತಾರೀಖಿನ ಹಿಂದೆ ಮುಂದೆ ಒಂದು ವಾರ ಓದಿ. ಅವು ಕಾಲಾನುಕ್ರಮದಲ್ಲಿರುವುದರಿಂದ ಗಾಂಧಿ ಆ ದಿನ ಯಾವ ಊರಲ್ಲಿದ್ದರು ಎಂಬುದು ಕಾಗದಗಳ ತಲೆಬರಹದಿಂದಲೇ ತಿಳಿಯುತ್ತದೆ. ಅರ್ಧದಷ್ಟು ತಪ್ಪು ಇಲ್ಲೇ ಸಿಕ್ಕಿಬೀಳುತ್ತದೆ.

ಇಲ್ಲಿ ಎಡವುವುದು ಆವೃತ್ತಿಯ ವಿಷಯದಲ್ಲಿ. ಕೆ. ಸ್ವಾಮಿನಾಥನ್ ಸಂಪಾದಕತ್ವದ ಮುದ್ರಿತ ಆವೃತ್ತಿ 100 ಸಂಪುಟ. 1999ರ ಸಿ.ಡಿ. ಆವೃತ್ತಿ 98 ಸಂಪುಟ, ಸಂಪುಟ ಒಡೆದಿರುವ ರೀತಿಯೇ ಬೇರೆ. ಪರಿಷ್ಕೃತ ಆವೃತ್ತಿಯಲ್ಲಿ ಬಿಟ್ಟುಹೋದದ್ದು ಬಹಳವೆಂದು ವಿದ್ವಾಂಸರು ತಕರಾರು ಎತ್ತಿ, ಕೊನೆಗೆ 2005ರಲ್ಲಿ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಅದರ ಪಿಡಿಎಫ್ ಇನ್ನೂ ಜಾಲದಲ್ಲಿ ಸುತ್ತುತ್ತಿದೆ. “ಸಂಪುಟ 43, ಪುಟ ಇಷ್ಟು” ಎಂದು ಬರೆಯುವಾಗ ಯಾವ ಆವೃತ್ತಿ ಎಂದು ಹೇಳದಿದ್ದರೆ ಓದುಗ ಬೇರೆಯೇ ಕಾಗದಕ್ಕೆ ಹೋಗಿ ಮುಟ್ಟುತ್ತಾನೆ.

ಎದುರು ಪಕ್ಷದ ದಾಖಲೆಯನ್ನು ತಪ್ಪದೆ ನೋಡಿ. 1942–47ರ ಅವಧಿಗೆ ಬ್ರಿಟಿಷ್ ಸರ್ಕಾರ ಪ್ರಕಟಿಸಿದ ಅಧಿಕಾರ ಹಸ್ತಾಂತರದ 12 ಸಂಪುಟಗಳಿವೆ. ಏಪ್ರಿಲ್ 1ರ ಮಾತುಕತೆಯ ಮೌಂಟ್‌ಬ್ಯಾಟನ್ ಟಿಪ್ಪಣಿ ಸಿಗುವುದು ಅಲ್ಲೇ. ಗಾಂಧಿಯ ಬರಹವನ್ನಷ್ಟೇ ಓದಿ ಜಿನ್ನಾ ಪಾತ್ರವನ್ನು ಅಳೆಯಲು ಆಗದು.

ಚರಿತ್ರೆ ಟೀಚರ್

ಒಂದು ಪ್ರಶ್ನೆ. ದಂಡಿಗೆ ಹೊರಟವರು 78 ಅಂತ ಒಂದು ಪುಸ್ತಕ, 79 ಅಂತ ಇನ್ನೊಂದು, 81 ಅಂತ ಮತ್ತೊಂದು. ಮಕ್ಕಳಿಗೆ ಯಾವುದನ್ನು ಹೇಳುವುದು?

ಹಾವೇರಿ ಕಡೆಯವ

ಮೂರೂ ಒಂದೊಂದು ಲೆಕ್ಕದಾಗ ಸರಿ ಅದಾವ್ರಿ ಮೇಡಂ. 1930ರ ಮಾರ್ಚ್ 12ಕ್ಕ ಸಾಬರಮತಿಯಿಂದ ಹೊರಟ ಸಂಗಾತಿಗಳ ಪಟ್ಟಿ 78. ಗಾಂಧೀಜಿಯವರನ್ನ ಕೂಡಿಸಿದರ 79. ದಾರಿಯೊಳಗ ಇನ್ನಿಬ್ಬರು ಸೇರಿಕೊಂಡರು, ಅವರನ್ನ ಹಿಡದರ 81. ಮಕ್ಕಳಿಗೆ “ಗಾಂಧೀಜಿ ಮತ್ತು 78 ಮಂದಿ” ಅಂತ ಹೇಳ್ರಿ, ಗೊಂದಲ ಆಗೂದಿಲ್ಲ.

ಆ 78ರೊಳಗ ನಮ್ಮ ಕರ್ನಾಟಕದವರು ಒಬ್ಬರೇ, ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಹುಟ್ಟಿದ್ದು 1911ರಾಗ, ಅಂದರ ಆವಾಗ ಇನ್ನೂ ಇಪ್ಪತ್ತರ ಒಳಗಿನ ಹುಡುಗ. 1943ರ ಏಪ್ರಿಲ್ 1ಕ್ಕ ಹೊಸರಿತ್ತಿಯೊಳಗ ಪೊಲೀಸರ ಗುಂಡಿಗೆ ತೀರಿಕೊಂಡ್ರು. ದಂಡಿಯ ದೃಶ್ಯ ತೋರಿಸುವಾಗ ಅವರ ಹೆಸರು ಹೇಳ್ರಿ. ಇನ್ನ 1922ರ ಕೋರ್ಟಿನಿಂದ ಚಿತ್ರ ನೇರ ಉಪ್ಪಿನ ಕಾಲಕ್ಕ ಜಿಗಿತದಲ್ಲ, ಅಲ್ಲಿ ನಿಲ್ಲಿಸಿ 1924ರ ಡಿಸೆಂಬರಿನ ಬೆಳಗಾವಿ ಅಧಿವೇಶನನೂ ಹೇಳ್ರಿ. ಗಾಂಧೀಜಿ ಅಧ್ಯಕ್ಷರಾಗಿ ಕೂತ ಕಾಂಗ್ರೆಸ್ ಅಧಿವೇಶನ ಅದೊಂದೇ.